ಭಾವಿ ಇತ್ತಂತ

ಪುರಾವೆ ಇಲ್ಲದ ಒಂದು ಮಾತನ್ನೂ ಅವರು ಆಡಿದವರಲ್ಲ ಎಂದು ಅವತ್ತು ಎದ್ದು ನಿಂತವರೆಲ್ಲ ಹೇಳಿದರು. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಕಾಕಾನ ಶ್ರದ್ಧಾಂಜಲಿ ಸಭೆ. ಬೆಂಗಳೂರಿನಿಂದ ಕೆಲಸದ ವೀಸಾದಲ್ಲಿ ಬಂದು ಇಲ್ಲೇ ಮನೆ ಮಾಡಿದ ಒಬ್ಬರು, "ಕಾಕಾ ಅಂದ್ರೆ ನಡೆದಾಡೋ ವಿಶ್ವಕೋಶ ಕಣ್ರೀ, ಡೇಟ್ ತಪ್ಪಿದ್ರೆ ಬಿಡ್ತಾನೇ ಇರ್ಲಿಲ್ಲ" ಎಂದರು. ಊರಿನ ಇತಿಹಾಸ ಸಂಘದ ಅಧ್ಯಕ್ಷೆ ಅದನ್ನೇ ಇಂಗ್ಲಿಷಿನಲ್ಲಿ, ಇನ್ನಷ್ಟು ಉದ್ದವಾಗಿ ಹೇಳಿದರು. ಒಂದೇ ಮಾತು ಎರಡು ಭಾಷೆಯಲ್ಲಿ ಬಂದರೆ ಅದು ನಿಜವೇ ಇರಬೇಕು ಎಂದು ಜನ ತಲೆಯಾಡಿಸುತ್ತಾರೆ. ಅವತ್ತೂ ಆಡಿಸಿದರು.

ನನ್ನ ಆಕ್ಷೇಪವಿದೆ. ಕಾಕಾ ಪುರಾವೆ ಇಲ್ಲದ ಮಾತನ್ನು ಕನಿಷ್ಠ ಒಂದಾದರೂ ಆಡಿದ್ದರು. ಅಥವಾ ಅದನ್ನು ಅವರು ಆಡಿರಲೇ ಇಲ್ಲ, ನಮ್ಮ ಹೆಂಗಸರು ಆಡಿಸಿದರು. ಅಥವಾ ಆಡಿದ್ದು ಮಾತೇ ಅಲ್ಲ, ಬೇರೆ ಏನೋ. ನಾನು ಯೂನಿವರ್ಸಿಟಿಯ ಚರ್ಚಾಕೂಟದಲ್ಲಿ ನಾಣ್ಯ ಚಿಮ್ಮಿ ಯಾವ ಪಕ್ಷ ಬಂದರೂ ವಾದಿಸುವುದನ್ನು ಕಲಿತವಳು. ಈ ಒಂದು ವಿಷಯದಲ್ಲಿ ಎರಡೂ ಪಕ್ಷ ಹಿಡಿದು ನೋಡಿದ್ದೇನೆ. ಎರಡರಲ್ಲೂ ಸೋತಿದ್ದೇನೆ.

ಅವರು ನನ್ನ ಸ್ವಂತ ಕಾಕಾ ಅಲ್ಲ. ಧಾರವಾಡದ ಕಡೆಯವರಾದ್ದರಿಂದ, ನಮ್ಮ ಅಪ್ಪನಿಗಿಂತ ಹಿರಿಯರಾಗಿದ್ದರೂ, ಎಲ್ಲರಿಗೂ ಕಾಕಾ, ಅವರ ಹೆಂಡತಿ ಕಾಕೂ. ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಕ್ರೋಯ್ಡನ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಹಳೇ ಊರು ಅದು. ಹೆಸರು ಹೇಳುವುದಿಲ್ಲ, ಹೇಳಿದರೆ ಇತಿಹಾಸ ಸಂಘದವರು ತಿದ್ದುಪಡಿ ಕಳಿಸುತ್ತಾರೆ. ಲೆಕ್ಕಕ್ಕೆ ಲಂಡನ್ನಿನೊಳಗೇ ಇದ್ದರೂ ಅಲ್ಲಿಯ ಮುದುಕರು ಇವತ್ತಿಗೂ ವಿಳಾಸದಲ್ಲಿ ಹಳೇ ಜಿಲ್ಲೆಯಾದ ಸರ್ರೆ ಎಂದೇ ಬರೆಯುತ್ತಾರೆ. ಕಾಕಾ ಅಲ್ಲಿಯ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿದ್ದರು. ನಿವೃತ್ತಿಯ ನಂತರ ಗಣಿತ ಬಿಟ್ಟು ಊರನ್ನು ಹಿಡಿದರು.

ತೊಂಬತ್ತರ ದಶಕದ ಶುರುವಿನಲ್ಲಿ ನಾವು ಬಂದಾಗ ನಮ್ಮನ್ನು ಮೊದಲು ಊರು ಸುತ್ತಿಸಿದವರು ಅವರೇ. ಕೋಟಿನ ಕಿಸೆಯಲ್ಲಿ ಬ್ರೆಡ್ಡಿನ ಚೀಲ, ಅದರೊಳಗೆ ಕಾಕೂ ಮಾಡಿದ ಅವಲಕ್ಕಿ ಚೂಡಾ. ಒಂದೊಂದು ಹಳೇ ಕಟ್ಟಡದ ಮುಂದೆ ನಿಂತು, ಮೊದಲು ಅದರ ಗೋಡೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದರು, ಯಾರದೋ ಮನೆಯ ಬಾಗಿಲು ತಟ್ಟಿದ ಹಾಗೆ. ಆಮೇಲೆ ಒಂದು ಮುಷ್ಟಿ ಚೂಡಾ ಬಾಯಿಗೆ. ಅದನ್ನು ಅಗಿದು ನುಂಗುವವರೆಗೂ ನಾವು ಕಾಯಬೇಕು. ಆಮೇಲೆ ಚರಿತ್ರೆ.

ಚಕ್ಕಮುಕ್ಕಿ ಕಲ್ಲಿನ ಚರ್ಚು, ಅದರ ಅಂಗಳದಲ್ಲಿ ಚರ್ಚಿಗಿಂತ ಹಳೆಯದೆನ್ನುವ ಯೂ ಮರ. ಕುದುರೆಗಾಡಿಯ ಕಾಲದ ಪಬ್ಬು. ಬಡ ಮುದುಕರಿಗೆಂದು ಯಾವನೋ ವ್ಯಾಪಾರಿ ಕಟ್ಟಿಸಿದ ಸಾಲುಮನೆ. ಸಂತೆ ಕಟ್ಟೆಯ ನಡುವೆ ಕಬ್ಬಿಣದ ಒಂದು ಕೈಪಂಪು, ಅದರ ಬಾಯಿಯ ಕೆಳಗೆ ಕಲ್ಲಿನ ತೊಟ್ಟಿ. ಅದರಾಚೆ ಕಾರ್ ಪಾರ್ಕು. ಅಷ್ಟೇ ಊರು. ಆದರೆ ಕಾಕಾ ಅದಕ್ಕೆಲ್ಲ ನಮ್ಮ ಹೆಸರಿಟ್ಟಿದ್ದರು. ಪಬ್ಬು ಅವರಿಗೆ ಛತ್ರ. ಹಿಂದೆ ಸುಂಕದ ಗೇಟು ಇದ್ದ ತಿರುವು ಅಗಸಿ, ಅಂದರೆ ಊರಬಾಗಿಲು. ಕಾರ್ ಪಾರ್ಕು ಇರುವ ಜಾಗದಲ್ಲಿ ಒಂದು ಕಾಲಕ್ಕೆ ಕುದುರೆಗಳು ನೀರು ಕುಡಿಯುವ ಹೊಂಡವಿತ್ತಾದ್ದರಿಂದ ಅದು ಕೆರಿ. ಊರಿನ ಕನ್ನಡದವರೆಲ್ಲ ಹಾಗೇ ಹೇಳತೊಡಗಿದ್ದರು. ಹೊಸದಾಗಿ ಬಂದ ಬೆಂಗಳೂರಿನ ಹೆಣ್ಣುಮಗಳೊಬ್ಬಳಿಗೆ ಅಮ್ಮ ಫೋನಿನಲ್ಲಿ, "ಗಾಬರಿ ಆಗಬ್ಯಾಡವಾ, ನಿನ್ನ ಗಂಡ ಗಾಡಿ ಕೆರಿಯೊಳಗ ನಿಲ್ಸಿ ಈ ಕಡೆ ನಡಕೋತ ಬರಾಕತ್ತಾನ" ಎಂದಾಗ ಆಕೆ ಗಾಬರಿಯಾಗಿ ತುರ್ತು ಸೇವೆಗೆ ಫೋನ್ ಮಾಡುವುದೊಂದು ಬಾಕಿ.

ಹೆಸರಿನ ವಿಷಯದಲ್ಲಿ ಇಷ್ಟು ಧಾರಾಳಿಯಾದ ಮನುಷ್ಯ ಸಂಗತಿಯ ವಿಷಯದಲ್ಲಿ ಜಿಪುಣ. ಪಬ್ಬಿನ ಬಾಗಿಲಿಗೆ, ಯಾವುದೋ ರಾಣಿ ಇಲ್ಲಿ ಒಂದು ರಾತ್ರಿ ತಂಗಿದ್ದಳು ಎಂದು ಬಂಗಾರದ ಅಕ್ಷರದ ಹಲಗೆ ಇತ್ತು. ಕಾಕಾ ಅದರ ಮೇಲೆ ಯುದ್ಧ ಸಾರಿದರು. ಯಾವ ರಾಣಿ? ಯಾವ ರಾತ್ರಿ? ಯಾರು ನೋಡಿದ್ದಾರೆ? ಪಬ್ಬಿನ ಮಾಲೀಕ ನಗುತ್ತ, "ಸರ್, ರಾಣಿ ಬಂದಿರಲಿ ಬಿಡಲಿ, ಗಿರಾಕಿಗಳು ಬರುತ್ತಿದ್ದಾರಲ್ಲ" ಎಂದನಂತೆ. ಕಾಕಾ ಬಿಡಲಿಲ್ಲ. ಇತಿಹಾಸ ಸಂಘದ ಸಭೆಯಿಂದ ಸಭೆಗೆ ಎಳೆದು, ಕೊನೆಗೆ ಆ ಹಲಗೆಯ ಮೇಲೆ 'ಎಂದು ಹೇಳಲಾಗುತ್ತದೆ' ಎಂಬ ಅರ್ಥದ ಒಂದು ಸಾಲು ಸೇರಿಸಿಯೇ ತಣ್ಣಗಾದರು. ಜಾಗ ಸಾಲದೆ ಆ ಸಾಲು ಸಣ್ಣ ಅಕ್ಷರದಲ್ಲಿ, ಸ್ವಲ್ಪ ವಾರೆಯಾಗಿ ಬಂತು.

ಅವರ ಇಡೀ ಸಿದ್ಧಾಂತ ಒಂದು ಪ್ರತ್ಯಯದ ಮೇಲೆ ನಿಂತಿತ್ತು. ಶನಿವಾರ ಅವರ ಮನೆಯ ಮುಂದಿನ ಕೋಣೆಯಲ್ಲಿ ನಮ್ಮಂಥ ಮಕ್ಕಳಿಗೆ ಕನ್ನಡ ಪಾಠ. ಅವರು ಕನ್ನಡದಲ್ಲಿ ಕೇಳುವುದು, ನಾವು ಇಂಗ್ಲಿಷಿನಲ್ಲಿ ಉತ್ತರಿಸುವುದು. ಒಂದು ದಿನ ಹಲಗೆಯ ಮೇಲೆ ಎರಡು ವಾಕ್ಯ ಬರೆದರು. 'ಮಳಿ ಬಂತು.' 'ಮಳಿ ಬಂತಂತ.'

"ಫರಕ್ ಹೇಳ್ರಿ ನೋಡೂಣು."

ಅವರೇ ಬಿಡಿಸಿ ಹೇಳಿದರು.

"ಮೊದಲನೇದರಾಗ ನೀ ತೋಯ್ಸಿಕೊಂಡೀ. ಎರಡನೇದರಾಗ ಯಾರೋ ತೋಯ್ಸಿಕೊಂಡು ಬಂದು ನಿನಗ ಹೇಳ್ಯಾರ. ಇಷ್ಟು ಹೇಳಲಿಕ್ಕೆ ಇಂಗ್ಲಿಷಿನವರಿಗೆ ಒಂದು ಪೂರ್ತಿ ವಾಕ್ಯ ಬೇಕು, ಅದೂ ಹಲಗಿ ಮ್ಯಾಲೆ ಹಿಡಸೂದಿಲ್ಲ. ನಮಗ ಎರಡಕ್ಷರ ಸಾಕು. ಬೆಂಗಳೂರವರ ಬಾಯಾಗ ಅಂತೆ, ನಮ್ಮ ಬಾಯಾಗ ಅಂತ! ಚರಿತ್ರಾ ಹೇಳೋ ಮನಷ್ಯಾ ಈ ಅಂತ ನುಂಗಬಾರದು. ನುಂಗಿದಾಂವ ಕಳ್ಳ."

ನಾನು ಕೈ ಎತ್ತಿದೆ. "ತೋಯಿಸಿಕೊಂಡಿದ್ದು ನಾನೇ, ಆದರೆ ನನಗೆ ನೆನಪಿಲ್ಲದಿದ್ದರೆ?"

ಕಾಕಾ ಸೀಮೆಸುಣ್ಣ ಕೆಳಗಿಟ್ಟು ನಕ್ಕರು. "ಬಂದಳು ನೋಡ್ರಿ ವಕೀಲವ್ವ!" ಎಂದರು. ಅವತ್ತಿನಿಂದ ನನ್ನ ಹೆಸರು ಅದೇ ಆಯಿತು.

ಈಗ ಪಂಪಿನ ಸಂಗತಿ. ನಮ್ಮ ಕಡೆ ಹೆರಿಗೆಯಾದ ಮೇಲೆ ಬಾಣಂತಿ ಭಾವಿಗೆ ಹೋಗಿ ಗಂಗವ್ವನ ಪೂಜೆ ಮಾಡಬೇಕು. ಭಾವಿಯ ಕಟ್ಟೆಗೆ ಅರಿಷಿಣ ಕುಂಕುಮ ಹಚ್ಚಿ, ಗುಂಡುಕಲ್ಲುಗಳನ್ನಿಟ್ಟು, ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ಏರಿಸಿ, ಒಂದು ಕೊಡ ನೀರು ತುಂಬಿಕೊಂಡು ಮನೆಗೆ ಬರಬೇಕು. ಅಲ್ಲಿಯವರೆಗೆ ಅವಳು ಹೊಸ್ತಿಲು ದಾಟುವ ಹಾಗಿಲ್ಲ. ಲಂಡನ್ನಿನಲ್ಲಿ ಭಾವಿ ಎಲ್ಲಿದೆ? ಕೆಲವರು ಅಡುಗೆಮನೆಯ ನಳಕ್ಕೇ ಕುಂಕುಮ ಹಚ್ಚುತ್ತಿದ್ದರು. ಆದರೆ ನಮ್ಮೂರಿನ ಕನ್ನಡದ ಹೆಂಗಸರಿಗೆ ಅಂಥ ಬಡತನ ಇರಲಿಲ್ಲ. ಸಂತೆ ಕಟ್ಟೆಯ ಪಂಪಿನ ಕೆಳಗೆ ಊರಿನ ಹಳೇ ಭಾವಿ ಇದೆ ಎಂದು ಕಾಕಾ ಹೇಳಿದ್ದರು.

ಹೇಳಿದ್ದರೇ? ಇಲ್ಲಿಂದಲೇ ತೊಡಕು ಶುರು. ಅಮ್ಮನನ್ನು ಕೇಳಿದರೆ, "ಇಲ್ಲೆ ಭಾವಿ ಇತ್ತು ಅಂತ ಅವರಽ ಹೇಳ್ಯಾರ, ನನ್ನ ಕಿವಿಲೆ ಕೇಳೀನಿ" ಎನ್ನುತ್ತಾಳೆ. ಆ ವಾಕ್ಯದಲ್ಲೇ ಒಂದು ಅಂತ ಇದೆ, ಆದರೆ ಅದು ಕಾಕಾನದೋ ಅಮ್ಮನದೋ? ಏನೇ ಇರಲಿ, ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅಲ್ಲಿ ಆಗಾಗ ಪೂಜೆ ನಡೆಯುತ್ತಿತ್ತು. ಪಂಪಿನ ಹಿಡಿಕೆ ಅಲುಗಾಡುತ್ತಿರಲಿಲ್ಲ. ಕಾಕೂ ಮನೆಯ ನಳದಿಂದ ತಾಮ್ರದ ಕೊಡದಲ್ಲಿ ನೀರು ತರುವುದು, ಕಾಕಾ ಅದನ್ನು ಕಲ್ಲಿನ ತೊಟ್ಟಿಗೆ ಸುರಿಯುವುದು, ಬಾಣಂತಿ ತೊಟ್ಟಿಯಿಂದ ತುಂಬಿಕೊಳ್ಳುವುದು. ಎಲ್ಲರ ಕಣ್ಣೆದುರೇ. ನಾಯಿ ಹಿಡಿದುಕೊಂಡು ಹೋಗುವ ಇಂಗ್ಲಿಷ್ ಮುದುಕಿಯೊಬ್ಬಳು ಒಮ್ಮೆ, "ಮದುವೆಯೇ?" ಎಂದು ಕೇಳಿದ್ದಳು. "ಹತ್ತಿರ ಹತ್ತಿರ" ಎಂದಿದ್ದರು ಕಾಕಾ.

ನನ್ನ ಅಕ್ಕ ಮೊದಲ ಹೆರಿಗೆಯಾದಾಗ ಈ ಪೂಜೆ ಮಾಡಲಿಲ್ಲ. ಆಗ ಅವಳು, ಭಾವ ಲಂಡನ್ನಿನ ಇನ್ನೊಂದು ಮೂಲೆಯ ಗ್ರೀನ್‌ಫರ್ಡ್‌ನಲ್ಲಿ ಒಂದು ಫ್ಲ್ಯಾಟಿನಲ್ಲಿದ್ದರು. ಅಕ್ಕ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. "ಗ್ರೀನ್‌ಫರ್ಡ್‌ನಾಗ ಭಾವಿ ಎಲ್ಲೆ ಹುಡುಕ್ಲಿ? ಗೋದಾಮಿನ ಹಿಂದನ?" ಎಂದು ನಕ್ಕು, ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಪೇಟೆಗೆ ಹೋಗಿ ಬಂದಿದ್ದಳು. ಆ ಗಂಡು ಮಗು ಕೆಲವೇ ವಾರ ಬದುಕಿತು. ಹೃದಯದಲ್ಲಿ ಹುಟ್ಟುವಾಗಲೇ ದೋಷವಿತ್ತು. ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಅಕ್ಕನಿಗೆ ಆ ಚಿತ್ರ ಅರ್ಥವಾಗಿತ್ತು, ಅವಳೇ ನನಗೆ ಬಿಡಿಸಿ ಹೇಳಿದ್ದಳು. ಆದರೆ ವಿಜಯಪುರದಿಂದ ಅವಳ ಅತ್ತೆ ಫೋನಿನಲ್ಲಿ ಒಂದೇ ಮಾತು ಹೇಳಿದರು. "ಗಂಗವ್ವಗ ಹೇಳದಽ ಹೊಸ್ತಲಾ ದಾಟಿದಿ." ಆ ಒಂದು ಮಾತು ಡಾಕ್ಟರ ಚಿತ್ರವನ್ನು ಅಳಿಸಿಹಾಕಿತು.

ಎರಡನೆಯ ಹೆರಿಗೆಗೆ ಅವಳು ನಮ್ಮ ಮನೆಗೆ ಬಂದಳು. ಹೆಣ್ಣು ಮಗು, ಗಟ್ಟಿ ದನಿ. ಅಕ್ಕ ಹೊಸ್ತಿಲು ದಾಟಲಿಲ್ಲ. ಹಿತ್ತಲಿನ ಬಾಗಿಲ ಹತ್ತಿರವೂ ಹೋಗಲಿಲ್ಲ. ಮಗುವಿನ ತೂಕ ನೋಡಲು ನರ್ಸೇ ಮನೆಗೆ ಬಂದು ಹೋಗುತ್ತಿದ್ದಳು. ಪೂಜೆ ಭಾನುವಾರ ಎಂದು ನಿಶ್ಚಯವಾದಾಗ ಅಕ್ಕ ನನ್ನನ್ನು ಕರೆದಳು.

"ನೀ ಎಲ್ಲಾದನ್ನೂ ಕೆದಕತಿ ಅಲ್ಲಾ, ಇದನ್ನೂ ಕೆದಕು. ಆ ಪಂಪಿನ ಬುಡಕ ಖರೇನಽ ಭಾವಿ ಅದಽನು?"

"ನಿನಗೆ ಯಾಕೆ ಅನುಮಾನ?"

"ನಳಕ್ಕ ಕುಂಕುಮಾ ಹಚ್ಚೂದಾದ್ರ ಇಲ್ಲೇ ಹಚ್ಚತೀನಿ. ಈ ಸಲ ಸುಳ್ಳು ಭಾವಿ ಬ್ಯಾಡ ನನಗ. ತಿಳೀತಾ?"

ಔಷಧಿಗಳ ಹೆಸರನ್ನು ಲ್ಯಾಟಿನ್ನಿನಲ್ಲಿ ಹೇಳಬಲ್ಲ ಹೆಂಗಸು ಹೀಗೆ ಕೇಳಿದರೆ ಏನು ವಾದಿಸುವುದು? ನಾನು ಹೋದೆ.

ಇತಿಹಾಸ ಸಂಘದಲ್ಲಿ ಒಬ್ಬ ಇಂಗ್ಲಿಷ್ ಅಜ್ಜ, ಹಿಂದೆ ಕೌನ್ಸಿಲಿನ ರಸ್ತೆ ವಿಭಾಗದಲ್ಲಿದ್ದವನು. ಚರ್ಚಿನ ಬಾಗಿಲಲ್ಲಿ ಎಲೆ ಗುಡಿಸುತ್ತಿದ್ದ. ನನ್ನ ಪ್ರಶ್ನೆ ಕೇಳಿ ಪೊರಕೆಯ ಮೇಲೆ ಗದ್ದವಿಟ್ಟುಕೊಂಡ. "ಪಂಪೇ? ಅದು ಲಾರಿಯಲ್ಲಿ ಬಂತಮ್ಮಾ. ಯಾವುದೋ ಫಾರ್ಮಿನ ಹರಾಜಿನಲ್ಲಿ ಸಿಕ್ಕಿದ್ದು. ಸಂತೆ ಕಟ್ಟೆ ಬೋಳಾಗಿ ಕಾಣುತ್ತದೆ ಅಂತ ತಂದು ನಿಲ್ಲಿಸಿದೆವು. ಬೋಲ್ಟು ಬಿಗಿದವರಲ್ಲಿ ನಾನೂ ಒಬ್ಬ."

"ಕೆಳಗೆ?"

"ಕಾಂಕ್ರೀಟು. ಅದರ ಕೆಳಗೆ ಸುಣ್ಣದ ಕಲ್ಲು. ಭಾವಿಯ ಸುದ್ದಿಯೇ ಇಲ್ಲ." ಆಮೇಲೆ ಅವನೇ ಸೇರಿಸಿದ: "ನಿಮ್ಮ ಅಂಕಲ್‌ಗೆ ಇದು ಯಾವತ್ತೋ ಗೊತ್ತು. ಪಂಪಿನ ಪಕ್ಕ ನಿಜಾಂಶ ಬರೆದ ಫಲಕ ಹಾಕಲೇಬೇಕು ಅಂತ ಸಂಘದಲ್ಲಿ ಗಂಟುಬಿದ್ದಿರುವವರು ಅವರೇ. ಮುಂದಿನ ತಿಂಗಳು ಹಾಕುತ್ತೇವೆ."

ನಾನು ಅಲ್ಲಿಂದ ನೇರವಾಗಿ ಕಾಕಾನ ಮನೆಗೆ ನಡೆದೆ. ದಾರಿಯಲ್ಲಿ ವಾದ ಸಿದ್ಧಪಡಿಸಿಕೊಂಡೆ. ಇಂಗ್ಲಿಷಿನವರಿಗೆ ಒಂದು ಸತ್ಯ, ನಮ್ಮವರಿಗೆ ಇನ್ನೊಂದು. ಪಬ್ಬಿನ ರಾಣಿಗೆ ಪುರಾವೆ ಬೇಕು, ಗಂಗವ್ವಗೆ ಬೇಡ. ನಮ್ಮ ಹೆಂಗಸರು ಫಲಕ ಓದಲಾರದವರೇನು? ಕಾಕಾ ಹಿತ್ತಲಿನಲ್ಲಿ ಮೆಂತ್ಯದ ಮಡಿಗೆ ನೀರು ಹಾಕುತ್ತಿದ್ದರು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ನೀರಿನ ಡಬ್ಬಿ ಕೆಳಗಿಟ್ಟರು. "ಭಾವಿ ಇತ್ತು ಅಂತ ನಾ ಯಾವಾಗ ಹೇಳೀನಿ? ಇತ್ತಂತ, ಅಂದಿದ್ದೆ."

"ಯಾರು ನಿಮಗೆ ಹಾಗೆ ಹೇಳಿದ್ದು? ಅಂತ ಅನ್ನಬೇಕಾದರೆ ಯಾರಾದರೂ ಹೇಳಿರಬೇಕಲ್ಲ? ತೋಯಿಸಿಕೊಂಡವರು ಯಾರು, ಕಾಕಾ?"

ಈ ಪ್ರಶ್ನೆಗೆ ಅವರು ನನ್ನ ಕಡೆ ಪೂರ್ತಿ ತಿರುಗಿದರು. ಸಿಟ್ಟು ಬಂದಿರಲಿಲ್ಲ. ಒಂಥರಾ ಖುಷಿಯೇ ಆದ ಹಾಗಿತ್ತು, ಚದುರಂಗದಲ್ಲಿ ಶಿಷ್ಯಳಿಗೆ ಸೋತವರಂತೆ. ಆದರೆ ಕೈ ಸುಮ್ಮನೆ ಕೋಟಿನ ಕಿಸೆ ಹುಡುಕುತ್ತಿತ್ತು. ಮನೆಯಲ್ಲಿದ್ದರು, ಕೋಟು ತೊಟ್ಟಿರಲಿಲ್ಲ.

"ಮೊದಲನೇ ಸಲಾ ಒಬ್ಬಾಕಿ ಬಂದಿದ್ಲು," ಎಂದರು. "ನೀ ಇನ್ನೂ ಬಂದಿದ್ದಿಲ್ಲ ಈ ದೇಶಕ್ಕ. ಬೆಳಗಾವಿ ಕಡೆಯಾಕಿ. ಕೂಸು ಎತ್ಕೊಂಡು, ಕಾಕಾ, ಈ ಊರಾಗ ಭಾವಿ ಎಲ್ಲೆ ಅದ ಅಂತ ಕೇಳಿದ್ಲು. ಹೊರಗ ಬರ್ಫ. ಒಬ್ಬಾಕೀನಽ ಬಂದಿದ್ಲು."

"ಅದಕ್ಕೆ ಸುಳ್ಳು ಹೇಳಿದಿರಿ."

"ಪಂಪು ತೋರ್ಸಿದೆ. ಬಾಯಿಂದ ಏನು ಬಂತು, ನೆನಪಿಲ್ಲ. ಆಣಿ ಮಾಡಿ ಹೇಳತೀನಿ, ನೆನಪಿಲ್ಲವಾ."

ಗಣಿತದ ಮೇಷ್ಟರು, ಊರಿನ ಪ್ರತಿ ಕಲ್ಲಿನ ಇಸವಿ ನೆನಪಿಟ್ಟವರು, ಹೀಗೆ ಹೇಳಿದರೆ ನಂಬಬೇಕೇ? ಆದರೆ ನನ್ನ ಕೆಲಸ ಬೇರೆ ಇತ್ತು. "ಅಕ್ಕ ಉತ್ತರಕ್ಕೆ ಕಾಯುತ್ತಿದ್ದಾಳೆ. ನಾನು ಇದನ್ನು ಅವಳಿಗೆ ಹೇಳಲೇಬೇಕು" ಎಂದೆ.

"ನೀ ಹೇಳಬ್ಯಾಡ," ಎಂದರು ಕಾಕಾ. ಆಮೇಲೆ ತಿದ್ದಿಕೊಂಡರು. "ಮುಚ್ಚಿಡು ಅನ್ನಲಿಕ್ಕೆ ಹತ್ತಿಲ್ಲ ನಾ. ನಾನಽ ಹೇಳತೀನಿ. ಆಡಿದ ಬಾಯಿ ನಂದು, ಹೇಳೂದೂ ನಂದು."

ನ್ಯಾಯವಾದ ಮಾತು. ಒಪ್ಪಿದೆ.

ಗುರುವಾರ ಮಧ್ಯಾಹ್ನ ಅವರು ಬಂದರು. ಅಮ್ಮ ಕೊಟ್ಟ ಚಹಾ ಕುಡಿಯಲಿಲ್ಲ. ಅಕ್ಕನ ಕೋಣೆಗೆ ಹೋಗುವ ಮುನ್ನ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಬಾಗಿಲು ಮುಚ್ಚಿತು. ನಾನು ಕೆಳಗೆ ಮೆಟ್ಟಿಲ ಮೇಲೆ ಕೂತೆ. ಒಮ್ಮೆ ಮಗು ಅತ್ತಿತು, ಸುಮ್ಮನಾಯಿತು. ಒಮ್ಮೆ ಅಕ್ಕ ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಬಾಗಿಲ ಈಚೆಗೆ ಎರಡೂ ಒಂದೇ ಥರ ಕೇಳುತ್ತವೆ. ಕಾಕಾ ಇಳಿದು ಬಂದಾಗ ಮುಖದಲ್ಲಿ ಏನೂ ಓದಲು ಸಿಗಲಿಲ್ಲ. "ಏನಂದಳು?" ಎಂದೆ. "ಕೂಸು ಭಾಳ ಚೆಂದ ಅದ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾನು ಮೇಲೆ ಹೋದೆ. ಅಕ್ಕ ನನ್ನನ್ನು ಭಾವಿಯ ವಿಷಯ ಕೇಳಲೇ ಇಲ್ಲ. ಮೂರು ದಿನ ಹಿಂದೆ ನನ್ನನ್ನು ಕೆದಕಲು ಕಳಿಸಿದವಳು! ಬದಲಿಗೆ ಅಮ್ಮನನ್ನು ಕೂಗಿ, "ಹಸರ ಕಣಾ ಎಲ್ಲೆ ಇಟ್ಟಿ? ಭಾನುವಾರಕ್ಕ ಬೇಕಲಾ" ಎಂದಳು.

ಭಾನುವಾರ ಬಿಸಿಲಿತ್ತು. ಅಕ್ಕ ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು, ಮಗುವನ್ನು ಎದೆಗೆ ಒತ್ತಿಕೊಂಡು, ಬಲಗಾಲು ಹೊರಗಿಟ್ಟಳು. ಸಂತೆ ಕಟ್ಟೆಯಲ್ಲಿ ಕಾಕೂ ಕೊಡ ಹಿಡಿದು ನಿಂತಿದ್ದರು. ಕಾಕಾ ತೊಟ್ಟಿಗೆ ನೀರು ಸುರಿದರು. ಅವತ್ತು ಅವರು ಚರಿತ್ರೆ ಹೇಳಲಿಲ್ಲ, ಚೂಡಾ ತಿನ್ನಲಿಲ್ಲ. ಅಕ್ಕ ಒಂಚೂರೂ ಜಾಗ ಬಿಡದೆ ಪಂಪಿಗೆ ಅರಿಷಿಣ ಹಚ್ಚಿದಳು. ನಾನು ಅದನ್ನೇ ನೋಡುತ್ತಿದ್ದೆ. ಸುಳ್ಳು ಭಾವಿ ಬೇಡ ಎಂದವಳು ನಿಜವಾದ ಭಾವಿ ಎಂದು ನಂಬಿ ಹಚ್ಚುತ್ತಿದ್ದಾಳೆಯೋ, ಕಾಂಕ್ರೀಟು ಎಂದು ಗೊತ್ತಿದ್ದೂ ಹಚ್ಚುತ್ತಿದ್ದಾಳೆಯೋ? ಮೊದಲನೆಯದಾದರೆ ಕಾಕಾ ನನಗೆ ಕೊಟ್ಟ ಮಾತು ತಪ್ಪಿದ ಸುಳ್ಳುಗಾರ. ಎರಡನೆಯದಾದರೆ ಅವಳು ಪೂಜಿಸುತ್ತಿದ್ದದ್ದು ಏನನ್ನು? ಕೊಡ ತುಂಬಿಕೊಂಡ ಅಕ್ಕ ಏಳುವಾಗ ಕಾಕಾನ ಕಾಲು ಮುಟ್ಟಿದಳು. ಕಾಕಾ ಹಿಂದೆ ಸರಿದರು, ಬೆಂಕಿ ತಾಕಿದ ಹಾಗೆ.

ಮುಂದಿನ ತಿಂಗಳು ಫಲಕ ಬಂತು. ಈ ಪಂಪನ್ನು ಬೇರೆಡೆಯಿಂದ ತಂದು ನಿಲ್ಲಿಸಲಾಗಿದೆ, ಇಲ್ಲಿ ಭಾವಿ ಇರಲಿಲ್ಲ ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ. ಬರೆದವರು ಕಾಕಾ ಎಂದು ಸಂಘದಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಹೆಂಗಸರೆಲ್ಲ ಅದನ್ನು ಓದಿರಲೇಬೇಕು. ಪೂಜೆಗಳು ನಿಲ್ಲಲಿಲ್ಲ. ಕಾಕಾ ನೀರು ಸುರಿಯುವುದನ್ನೂ ನಿಲ್ಲಿಸಲಿಲ್ಲ. ಇದನ್ನು ಯಾವ ತರ್ಕದಲ್ಲಿ ಕೂರಿಸಲಿ?

ಅಕ್ಕ ಈಗ ಅದೇ ಊರಿನಲ್ಲಿದ್ದಾಳೆ. ಇತ್ತೀಚೆಗೆ ಅವಳ ಮಗಳನ್ನು ಶಾಲೆಯವರು ಊರಿನ ಇತಿಹಾಸ ತೋರಿಸಲು ಕರೆದೊಯ್ದಿದ್ದರು. ಮನೆಗೆ ಬಂದವಳೇ ಶೂ ಬಿಚ್ಚುತ್ತ ಇಂಗ್ಲಿಷಿನಲ್ಲಿ, "ಮಮ್, ಆ ಪಂಪು ನಕಲಿ, ಗೊತ್ತಾ? ಕೆಳಗೆ ಭಾವಿನೇ ಇಲ್ಲ" ಎಂದಳು. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ನೋಡದೆ, "ಹಂಗಂತ?" ಎಂದಳು. ಅಷ್ಟೇ. ಅದು ಆಶ್ಚರ್ಯವೋ, ತಮಾಷೆಯೋ, ಮೊದಲೇ ಗೊತ್ತಿದ್ದವರ ಔದಾಸೀನ್ಯವೋ, ನನಗೆ ಹಿಡಿಯಲಾಗಲಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ನನ್ನ ಸರದಿ ಬಂದಾಗ ನಾನು ಮಾತಾಡಲಿಲ್ಲ. ಎದ್ದು ನಿಂತರೆ ಒಂದು ಪಕ್ಷ ಹಿಡಿಯಬೇಕಾಗುತ್ತಿತ್ತು. ಅಕ್ಕನೂ ಮಾತಾಡಲಿಲ್ಲ. ಎಲ್ಲರೂ ಪುರಾವೆ ಪುರಾವೆ ಎನ್ನುತ್ತಿದ್ದಾಗ ಅವಳು ಮಡಿಲಲ್ಲಿ ಕೈ ಜೋಡಿಸಿ ನೆಲ ನೋಡುತ್ತಿದ್ದಳು. ಅಧ್ಯಕ್ಷೆ, ಕಾಕಾ ಪುರಾವೆ ಇಲ್ಲದೆ ಎಂದೂ ಮಾತಾಡಲಿಲ್ಲ ಎನ್ನುತ್ತ 'ನೆವರ್' ಎಂಬ ಪದದ ಮೇಲೆ ಒತ್ತು ಕೊಟ್ಟಾಗ ಮಾತ್ರ ಅವಳ ತುಟಿ ಒಂಚೂರು ಅಲುಗಿತು. ನಗೆಯಾಗಿದ್ದಿರಬಹುದು.

ಸಭೆ ಮುಗಿದು ಕಾರಿನಲ್ಲಿ ಕೂತ ಮೇಲೆ ಅಕ್ಕ ಕೀಲಿ ಹಾಕಿದಳು, ತಿರುಗಿಸಲಿಲ್ಲ. ನಾನು ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ.

"ಅಕ್ಕಾ, ಆ ಗುರುವಾರ ಬಾಗಿಲಾ ಹಾಕ್ಕೊಂಡು ಕಾಕಾ ನಿನಗ ಏನ್ ಹೇಳಿದ್ರು? ಭಾವಿ ಇತ್ತು ಅಂದ್ರೋ, ಇತ್ತಂತ ಅಂದ್ರೋ, ಇಲ್ಲಾ ಅಂದ್ರೋ?"